ಹೆಪ್ಪು ಯಾವುದು?

ಫ್ರಾನ್ಸಿನ ಲಿಯೋನ್ ನಗರಕ್ಕೆ ಬಂದ ಆರು ವರ್ಷಗಳಿಂದ ಪ್ರತಿ ಭಾನುವಾರ ಅಮ್ಮ ಫೋನಿನಲ್ಲಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಏನು ಊಟ ಮಾಡಿದೆ?" ನನ್ನದೂ ಒಂದೇ ಉತ್ತರ: "ಅನ್ನ, ಸಾರು." ಕಳೆದ ಜೂನ್ ತಿಂಗಳಲ್ಲಿ ಅಮ್ಮ, ಅಪ್ಪ, ಜೊತೆಗೆ ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಕನಕಪುರದಿಂದ ಬಂದಿಳಿದರು. ಚಪ್ಪಲಿ ಬಿಟ್ಟವಳೇ ಅಮ್ಮ ಅಡುಗೆಮನೆಯ ಕಪಾಟು ತೆರೆದಳು. ಎರಡು ವರ್ಷದ ಹಿಂದೆ ಕಳಿಸಿದ್ದ ಸಾರಿನ ಪುಡಿ ಸುತ್ತಿದ ಟೇಪಿನ ಸಮೇತ ಕೂತಿತ್ತು. ತೊಗರಿಬೇಳೆ ಒಂದು ಕಾಳೂ ಇರಲಿಲ್ಲ.

"ಹಾಗಾದರೆ ಇಷ್ಟು ವರ್ಷ ಏನು ತಿಂದೆ?"

ಬಾಯಲ್ಲಿ ಹೇಳುವ ಬದಲು ತಿನ್ನಿಸಿಯೇ ತೋರಿಸುತ್ತೇನೆ ಎಂದೆ. ಮನೆತನಕ್ಕೆ ಮನೆತನವೇ ಸಸ್ಯಾಹಾರಿ ಎಂಬುದು ಆ ಗಳಿಗೆಯ ಹುಮ್ಮಸ್ಸಿನಲ್ಲಿ ಅಡ್ಡ ಬರಲಿಲ್ಲ.

ಮೊದಲಿಗೆ ಬ್ಯಾಗೆಟ್, ಅಂದರೆ ಗಟ್ಟಿ ಹೊರಪದರದ ಉದ್ದನೆಯ ಬ್ರೆಡ್ಡು. ಅದೂ 'ಸಾಂಪ್ರದಾಯಿಕ' ಎಂಬ ಹೆಸರಿನದು; ಆ ಹೆಸರಿಟ್ಟು ಮಾರುವ ಬ್ರೆಡ್ಡಿಗೆ ಯಾವ ಕೃತಕ ಪದಾರ್ಥವನ್ನೂ ಬೆರೆಸಬಾರದೆಂದು 1993ರಲ್ಲೇ ಸರ್ಕಾರದ ಆದೇಶವಿದೆ. ಬ್ಯಾಗೆಟ್ ಮಾಡುವ ಕಲೆಯನ್ನು 2022ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು ಎಂದು ನಾನು ವಿವರಿಸುತ್ತಿದ್ದಂತೆಯೇ ಅಪ್ಪನ ಹಲ್ಲಿನ ಸೆಟ್ಟು ಆ ಪರಂಪರೆಯಲ್ಲಿ ಸಿಕ್ಕಿಕೊಂಡು ಕೈಗೆ ಬಂತು. ಉಳಿದ ಒಂದೂವರೆ ಬ್ಯಾಗೆಟ್ಟನ್ನು ಅಮ್ಮ ಮಾರನೆಯ ಬೆಳಿಗ್ಗೆ ಒಗ್ಗರಣೆಗೆ ಹಾಕಿ ಉಪ್ಪಿಟ್ಟು ಮಾಡಿದಳು. ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಮಧ್ಯಾಹ್ನದವರೆಗೆ ಸಮಯ ಬೇಕಾಯಿತು.

ಹೊರಗೆ ಊಟಕ್ಕೆ ಹೋದ ದಿನ ದಾರಿಯಲ್ಲೇ ಎಡವಟ್ಟು. ಅಪ್ಪ ರೇಷ್ಮೆ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಲಿಯೋನ್ ಎಂದರೆ ಒಂದು ಕಾಲದ ರೇಷ್ಮೆಯ ರಾಜಧಾನಿ. ನೇಕಾರರು ನೆಲೆಸಿದ್ದ ಕ್ರುವಾ ರೂಸ್ ಗುಡ್ಡದ ಮನೆಗಳ ಚಾವಣಿ ಜಕಾರ್ಡ್ ಮಗ್ಗ ಹಿಡಿಯುವಷ್ಟು ಎತ್ತರ. ಅಪ್ಪ ಒಂದೊಂದು ಕಿಟಕಿಯ ಕೆಳಗೂ ನಿಂತು ಕತ್ತೆತ್ತಿ ನೋಡಿದರು. ನಾವು ಹೋಟೆಲಿಗೆ ತಲುಪಿದಾಗ ಎರಡು ಗಂಟೆ ಹತ್ತು ನಿಮಿಷ, ಅಡುಗೆಮನೆ ಮುಚ್ಚಿತ್ತು. "ಊಟ ಹಾಕುವುದಕ್ಕೂ ಕಚೇರಿ ಸಮಯವೇ?" ಎಂದು ಅಪ್ಪ ಸಿಡುಕಿದರು. ಸರ್ವಿಸಿನ ಉದ್ದಕ್ಕೂ ಊಟದ ವಿರಾಮದಲ್ಲಿ ಒಂದು ಕಡತಕ್ಕೂ ಸಹಿ ಹಾಕದ ಮನುಷ್ಯ!

ಸಂಜೆ ಮತ್ತೆ ಹೋದೆವು. ಅದು 'ಬುಶೋನ್', ಅಂದರೆ ಇಲ್ಲಿನ ಹಳೆಯ ಕಾಲದ ಊಟದ ಮನೆ. ಪ್ರಾಣಿಯ ಕರುಳು, ಜಠರ, ಕಾಲು ಯಾವುದನ್ನೂ ಎಸೆಯದೆ ಅಡುಗೆ ಮಾಡುವುದು ಅವರ ಹೆಮ್ಮೆ. ಅಲ್ಲಿಗೆ ಸಸ್ಯಾಹಾರಿಗಳನ್ನು ಕರೆದೊಯ್ಯುವುದು ಮಾಂಸದಂಗಡಿಗೆ ಹೋಗಿ ತುಳಸಿ ಕೇಳಿದಂತೆ. ಆದರೆ ನನ್ನ ಬಳಿ ಒಂದು ಅಸ್ತ್ರವಿತ್ತು: 'ಸೆರ್ವೆಲ್ ದ ಕನ್ಯು'. ಕೆನೆಯಂಥ ಬಿಳಿ ಗಿಣ್ಣಿಗೆ ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಹಸಿರು ಸೊಪ್ಪು, ಎಣ್ಣೆ, ವಿನೆಗರ್ ಕಲಸಿದ್ದು. ನೆಂಚಿಕೊಳ್ಳಲು ಬೇಯಿಸಿದ ಆಲೂಗಡ್ಡೆ. ಅಪ್ಪ ಎರಡು ಚಮಚ ತಿಂದು, "ಮೊಸರು ಬಜ್ಜಿ. ಕನಕಪುರದಲ್ಲಿ ಇದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಹೆಸರಿನ ಅರ್ಥವೇನು?" ಎಂದರು.

ನಾನು ಸುಳ್ಳು ಹೇಳಬಹುದಿತ್ತು. ಆದರೆ ಕನ್ಯು ಎಂದರೆ ರೇಷ್ಮೆ ನೇಕಾರ. ಅಪ್ಪನಿಗೆ ಖುಷಿಯಾದೀತೆಂದು ಬಾಯಿ ಬಿಟ್ಟೆ. "ನೇಕಾರನ ಮೆದುಳು."

ಚಮಚ ಗಾಳಿಯಲ್ಲೇ ನಿಂತಿತು. ಅಮ್ಮ ನೀರಿನ ಲೋಟ ಎತ್ತಿಕೊಂಡಳು. ಬರಿಯ ಹೆಸರಪ್ಪಾ, ಮೈಸೂರು ಪಾಕಿನಲ್ಲಿ ಮೈಸೂರು ಇರುತ್ತದೆಯೇ ಎಂದು ನಾನು ಅರ್ಧ ಗಂಟೆ ವಾದಿಸಿದೆ. ಬೆಳ್ಳುಳ್ಳಿಯ ವಾಸನೆಗೇ ಅದನ್ನು ಮುಟ್ಟದೆ ಆಲೂಗಡ್ಡೆಗೆ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದ ಅತ್ತೆ ಮಾತ್ರ ನೆಮ್ಮದಿಯಾಗಿದ್ದರು.

ಅತ್ತೆಯ ವಿಷಯವೇ ಬೇರೆ. ಮಡಿ, ವ್ರತ ಬಿಡದವರು, ನಲವತ್ತು ವರ್ಷ ಹಸು ಸಾಕಿದವರು. ಬಂದ ದಿನ ರಾತ್ರಿ ನಾನು ಕತ್ತರಿಸಿಟ್ಟ ಕೋಂತೆ ಎಂಬ ಚೀಸಿನ ತುಂಡನ್ನು ಮೂಸಿ, "ಕೊಟ್ಟಿಗೆಯ ವಾಸನೆ" ಎಂದರು. ಮುಖದಲ್ಲಿ ಅಸಹ್ಯವಿರಲಿಲ್ಲ, ತವರಿನ ನೆನಪಿತ್ತು. ಒಂದು ತುಂಡು, ಆಮೇಲೆ ಮಿಡಿ ಉಪ್ಪಿನಕಾಯಿಯ ಜೊತೆ ಇನ್ನೆರಡು. ಫ್ರೆಂಚರು ಊಟದ ಕೊನೆಗೆ, ಸಿಹಿಗಿಂತ ಮುಂಚೆ ಚೀಸ್ ತಿನ್ನುತ್ತಾರೆ ಎಂದಾಗ ಅತ್ತೆ ತಲೆದೂಗಿದರು. "ಸರಿಯೇ. ನಾವೂ ಮಜ್ಜಿಗೆ ಅನ್ನಕ್ಕೆ ಬರದೆ ಏಳುತ್ತೇವೆಯೇ?" ಅಂದಿನಿಂದ ದಿನವೂ ರಾತ್ರಿ ಅವರ ತಟ್ಟೆಗೆ ಕೋಂತೆ ಬೀಳಲೇಬೇಕಾಯಿತು. ಕೊನೆಗೂ ನನ್ನ ಫ್ರಾನ್ಸನ್ನು ಒಬ್ಬರಾದರೂ ಒಪ್ಪಿದರಲ್ಲ ಎಂದು ನಾನು ಉಬ್ಬಿದೆ. ಮೊಟ್ಟೆ, ಮೀನು, ವೈನ್ ಇದೆಯೇ ಎಂದು ಎಲ್ಲ ಕಡೆ ಎರಡೆರಡು ಸಲ ವಿಚಾರಿಸುತ್ತಿದ್ದ ನಾನು ಈ ಒಂದು ಪದಾರ್ಥದ ವಿಷಯದಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿದ್ದೆ. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ.

ಐದನೆಯ ದಿನ ಅತ್ತೆಯನ್ನು ಕರೆದುಕೊಂಡು ಕ್ರುವಾ ರೂಸ್ ಸಂತೆಗೆ ಹೋದೆ. ಚೀಸಿನ ಅಂಗಡಿಯಲ್ಲಿ ಎತ್ತಿನಗಾಡಿಯ ಚಕ್ರದಂತೆ ಕೂತಿದ್ದ ಕೋಂತೆಯನ್ನು ಕಂಡು ಅವರಿಗೆ ಕುತೂಹಲ. ನಲವತ್ತು ಕಿಲೋ ತೂಗುವ ಒಂದು ಚಕ್ರಕ್ಕೆ ಸುಮಾರು ನಾನೂರು ಲೀಟರ್ ಹಾಲು ಬೇಕು ಎಂದೆ. "ನನ್ನ ಎರಡು ಹಸುಗಳ ಒಂದು ತಿಂಗಳ ಹಾಲು!" ಎಂದು ಲೆಕ್ಕ ಹಾಕಿದ ಅತ್ತೆ, ಹಾಲು ಕಂಡವರು ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿಯೇಬಿಟ್ಟರು.

"ಇಷ್ಟು ಗಟ್ಟಿಯಾಗಲು ಹೆಪ್ಪು ಯಾವುದು ಹಾಕುತ್ತಾರೆ ಕೇಳು."

ಕೇಳಿದೆ. ಅಂಗಡಿಯವನಿಗೆ ಆನಂದವೋ ಆನಂದ. ಎಳೆಗರುವಿನ ನಾಲ್ಕನೆಯ ಜಠರದಿಂದ ತೆಗೆಯುವ ದ್ರವ್ಯ, ಅದಿಲ್ಲದೆ ಕೋಂತೆಯೇ ಇಲ್ಲ ಎಂದು ಸವಿಸ್ತಾರವಾಗಿ ಹೇಳಿದ. ನಾನು ಅತ್ತೆಯ ಕಡೆ ತಿರುಗಿ, "ಅದು ಅವರ ವಂಶದ ಗುಟ್ಟಂತೆ, ಹೇಳುವುದಿಲ್ಲವಂತೆ" ಎಂದೆ.

ಇಷ್ಟು ಉದ್ದದ ಮಾತಿಗೆ ಇಷ್ಟು ಗಿಡ್ಡ ಅನುವಾದವೇ ಎಂದು ಅವನಿಗೇ ಅನುಮಾನ ಬಂದಿರಬೇಕು. ಅತ್ತೆಗೆ ನೇರವಾಗಿ ತಿಳಿಸುವ ಉತ್ಸಾಹದಿಂದ ತನ್ನ ಹೊಟ್ಟೆಯನ್ನು ಎರಡು ಸಲ ತಟ್ಟಿದ, ಕೈಯನ್ನು ಮೊಣಕಾಲಿನ ಎತ್ತರಕ್ಕೆ ಹಿಡಿದು ಎಷ್ಟು ಚಿಕ್ಕದು ಎಂದು ತೋರಿಸಿದ, ಆಮೇಲೆ "ಅಂಬಾ" ಎಂದು ಕೂಗಿದ. ಫ್ರೆಂಚ್ ಕರುವಿನ ಅಂಬಾಕ್ಕೂ ಕನಕಪುರದ ಅಂಬಾಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಅತ್ತೆ ಮಾತಾಡಲಿಲ್ಲ. ಉಟ್ಟಿದ್ದ ರೇಷ್ಮೆ ಸೀರೆಯ ಸೆರಗನ್ನು ಹೊದ್ದುಕೊಂಡು ನಡೆದರು. ಮನೆಗೆ ಬಂದವರೇ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ನನ್ನನ್ನು ಬಾಲ್ಕನಿಗೆ ಕರೆದರು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ.

"ನಿನ್ನಪ್ಪನಿಗೆ ಹೇಳಬೇಡ. ಇಲ್ಲಿ ಅವನು ನೆಮ್ಮದಿಯಾಗಿ ತಿನ್ನುತ್ತಿರುವುದು ಅದೊಂದೇ."

ರಾತ್ರಿ ಊಟದ ಕೊನೆಗೆ ಅಪ್ಪ ಚೀಸಿನ ತಟ್ಟೆಯನ್ನು ಮುಂದೆ ದೂಡಿದರು. "ಏನಕ್ಕ, ಇವತ್ತು ಬೇಡವೇ?"

"ಇವತ್ತು ಏಕಾದಶಿ" ಎಂದರು ಅತ್ತೆ, ಮಜ್ಜಿಗೆ ಅನ್ನ ಕಲಸುತ್ತಾ.

ಅಪ್ಪ ಅವರ ಪಾಲನ್ನೂ ಉಪ್ಪಿನಕಾಯಿಯ ರಸಕ್ಕೆ ಅದ್ದಿ ತಿಂದರು. ನಾನು ಮೇಜಿನ ಕೆಳಗೆ ಮೊಬೈಲಿನಲ್ಲಿ ಪಂಚಾಂಗ ತೆರೆದು ನೋಡಿದೆ. ಅಂದು ಪಂಚಮಿ.