ಯುದ್ಧ ಮುಗಿದ ವರ್ಷ ಯಾವುದು?

ಯುದ್ಧ, ದಂಗೆ, ಹತ್ಯಾಕಾಂಡ ಇಂಥ ವಿಷಯದ ಮೇಲೆ ಪಿಎಚ್‌ಡಿ ಮಾಡಬೇಕು ಅಂತ ಆಗಾಗ ಯಾರಾದರೂ ನನಗೆ ಮೆಸೇಜ್ ಮಾಡುತ್ತಾರೆ. ಹೆಚ್ಚಿನವರು ಬರೆಯುವುದು ಒಂದೇ ಮಾತು: 'ಹಿಂಸೆಯ ಪರಿಣಾಮ ತಲೆಮಾರುಗಳವರೆಗೆ ಉಳಿಯುತ್ತದೆ ಎಂದು ತೋರಿಸಬೇಕು.' ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಪ್ರಶ್ನೆ ಹುಡುಕಲು ಹೊರಟ ಹಾಗಾಯ್ತು ಅಲ್ವಾ? ನಗಬೇಡಿ, ನಾನೂ ಹಾಗೇ ಹೊರಟವಳು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ಮೊದಲ ಎಕ್ಸೆಲ್ ಹಾಳೆಯಲ್ಲಿ ಎರಡು ಕಾಲಂ ಇದ್ದವು. ಸಂಘರ್ಷ ಶುರುವಾದ ವರ್ಷ, ಮುಗಿದ ವರ್ಷ. ತುಂಬುವುದು ಸುಲಭ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು ದಶಕಗಳಿಂದ ಜಗತ್ತಿನ ಸಂಘರ್ಷಗಳ ಲೆಕ್ಕ ಇಡುತ್ತಾರೆ. ಒಂದು ಕಡೆಯಾದರೂ ಸರ್ಕಾರ ಇರುವ ಕಾಳಗದಲ್ಲಿ ವರ್ಷಕ್ಕೆ ಕನಿಷ್ಠ 25 ಜನ ಸತ್ತರೆ ಅದು ಸಶಸ್ತ್ರ ಸಂಘರ್ಷ. 1,000 ಮುಟ್ಟಿದರೆ ಯುದ್ಧ. 24 ಆದರೆ ಆ ವರ್ಷದ ಪಟ್ಟಿಯಲ್ಲಿ ಅದು ಇಲ್ಲ. ಲೆಕ್ಕ ಇಡಬೇಕು ಅಂದರೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ತಪ್ಪು ನನ್ನದು. ಲೆಕ್ಕದವರು ಎಳೆದ ಗೆರೆಯನ್ನು ಅಲ್ಲಿ ಬದುಕುವವರ ಗೆರೆ ಅಂದುಕೊಂಡೆ.

ಲಾವೋಸ್ ನೋಡಿ. 1964ರಿಂದ 1973ರವರೆಗೆ ಅಮೆರಿಕ ಅಲ್ಲಿ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬ್ ಸುರಿಯಿತು. ಕ್ಲಸ್ಟರ್ ಬಾಂಬುಗಳೊಳಗಿನ ಸಣ್ಣ ಸಣ್ಣ ಬಾಂಬುಗಳೇ ಸುಮಾರು 27 ಕೋಟಿ. ಅದರಲ್ಲಿ 8 ಕೋಟಿಯಷ್ಟು ಸಿಡಿಯಲೇ ಇಲ್ಲ ಅನ್ನುತ್ತದೆ ಅಂದಾಜು. ಅವು ನೆಲದಲ್ಲಿ ಉಳಿದವು, ಆಮೇಲೂ ಜನರನ್ನು ಕೊಂದವು. ಇಲ್ಲಿ 'ಮುಗಿದ ವರ್ಷ' ಕಾಲಂನಲ್ಲಿ ಏನು ಬರೆಯೋಣ?

ಪಕ್ಕದ ಕಾಂಬೋಡಿಯಾದ್ದು ಇನ್ನೂ ವಿಚಿತ್ರ. ಎರಿನ್ ಲಿನ್ ಎಂಬ ಸಂಶೋಧಕಿ ಅಲ್ಲಿನ ಮಣ್ಣನ್ನೇ ಹಿಡಿದು ಕೆಲಸ ಮಾಡಿದ್ದಾರೆ. ಗಟ್ಟಿ ನೆಲಕ್ಕೆ ಬಿದ್ದ ಬಾಂಬ್ ಸಿಡಿಯುತ್ತದೆ. ಮೆತ್ತಗಿನ, ಫಲವತ್ತಾದ ಮಣ್ಣಿಗೆ ಬಿದ್ದದ್ದು ಎಷ್ಟೋ ಸಲ ಸಿಡಿಯದೆ ಹಾಗೇ ಹೂತುಹೋಗುತ್ತದೆ. ಅಂದರೆ ಒಳ್ಳೆಯ ಹೊಲದಲ್ಲೇ ಅಪಾಯ ಜಾಸ್ತಿ. ಚಿನ್ನದಂಥ ಭೂಮಿಯಲ್ಲಿ ಆಳವಾಗಿ ಉಳಲು ರೈತನಿಗೆ ಹೆದರಿಕೆ. ಇದು ಕಚೇರಿಯಲ್ಲಿ ಕೂತು ಊಹಿಸುವಂಥದ್ದಲ್ಲ. ನನಗಂತೂ ಹೊಳೆಯುತ್ತಿರಲಿಲ್ಲ.

ಈಗ ವಿಯೆಟ್ನಾಂಗೆ ಬನ್ನಿ. ಎಡ್ವರ್ಡ್ ಮಿಗೆಲ್ ಮತ್ತು ಜೆರಾರ್ಡ್ ರೋಲಾಂಡ್ ಎಂಬ ಅರ್ಥಶಾಸ್ತ್ರಜ್ಞರು ಹೆಚ್ಚು ಬಾಂಬ್ ಬಿದ್ದ ಜಿಲ್ಲೆಗಳನ್ನೂ ಕಡಿಮೆ ಬಿದ್ದ ಜಿಲ್ಲೆಗಳನ್ನೂ ಹೋಲಿಸಿ 2011ರಲ್ಲಿ ಪ್ರಕಟಿಸಿದರು. ಬಡತನ, ಅಕ್ಷರಜ್ಞಾನ, ಜನಸಾಂದ್ರತೆ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಬಾಂಬಿನಿಂದ ಏನೂ ಆಗಲಿಲ್ಲ ಅಂತ ಇದರ ಅರ್ಥವಲ್ಲ. ಸತ್ತವರು ಈ ಹೋಲಿಕೆಯಲ್ಲಿ ಬರುವುದಿಲ್ಲ. ಇಡೀ ದೇಶಕ್ಕೆ ಬಿದ್ದ ಪೆಟ್ಟೂ ಬರುವುದಿಲ್ಲ. ಆದರೂ, ಮೂರ್ನಾಲ್ಕು ವರ್ಷದ ಫೆಲೋಶಿಪ್ ಹಿಡಿದು ಕೂತ ವಿದ್ಯಾರ್ಥಿಗೆ ಇಂಥ ಫಲಿತಾಂಶ ಬಂದರೆ? ಕೈಕಾಲು ತಣ್ಣಗಾಗುತ್ತದೆ. 'ಹಿಂಸೆಯ ಗುರುತು ಸಿಗಲಿಲ್ಲ' ಅಂತ ಪ್ರಬಂಧ ಬರೆಯುವ ಧೈರ್ಯ ಎಷ್ಟು ಜನಕ್ಕಿದೆ? ಎಷ್ಟು ಗೈಡ್‌ಗಳು ಅದಕ್ಕೆ ಬಿಡುತ್ತಾರೆ?

ನನ್ನ ವಾದ ಇಷ್ಟೇ. ಗುರುತು ಉಳಿಯುತ್ತದಾ ಅಂತ ಕೇಳಿ ಉಪಯೋಗವಿಲ್ಲ. ಇಲ್ಲಿ ಉಳಿದದ್ದು ಅಲ್ಲಿ ಯಾಕೆ ಅಳಿಸಿಹೋಯಿತು ಅಂತ ಕೇಳಬೇಕು.

ಇದಕ್ಕೆ ನಾನು ಮತ್ತೆ ಮತ್ತೆ ಹೇಳುವ ಉದಾಹರಣೆ ಜರ್ಮನಿಯದ್ದು. 1348ರಿಂದ 1350ರ ಪ್ಲೇಗ್ ಕಾಲದಲ್ಲಿ ಎಷ್ಟೋ ಪಟ್ಟಣಗಳಲ್ಲಿ ರೋಗಕ್ಕೆ ಯಹೂದಿಗಳೇ ಕಾರಣ ಅಂತ ಅವರನ್ನು ಕೊಂದರು. ಫೊಯ್ಗ್ಟ್‌ಲೆಂಡರ್ ಮತ್ತು ಫೋತ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು ಆ ಪಟ್ಟಣಗಳನ್ನು ಸುಮಾರು 600 ವರ್ಷ ಆಚೆಗೆ ನೋಡಿದರು. 1920ರ ದಶಕದಲ್ಲಿ ಯಹೂದಿಗಳ ಮೇಲೆ ದಾಳಿ, ನಾಜಿಗಳಿಗೆ ಬಿದ್ದ ಮತ, ಎರಡೂ ಅಲ್ಲಿ ಹೆಚ್ಚು. ಎಲ್ಲರೂ ಇಲ್ಲಿಯವರೆಗೆ ಮಾತ್ರ ಓದಿ ಬೆಚ್ಚಿಬಿದ್ದು, ಶೇರ್ ಮಾಡಿ ಬಿಡುತ್ತಾರೆ. ಮುಂದೆ ಓದಿ. ದೂರದ ವ್ಯಾಪಾರದಿಂದ ಬದುಕಿದ ಹಾನ್ಸಾ ಒಕ್ಕೂಟದ ಪಟ್ಟಣಗಳಲ್ಲಿ ಈ ನಂಟು ಸಿಗಲಿಲ್ಲ. 19ನೇ ಶತಮಾನದಲ್ಲಿ ಬೇಗ ಬೆಳೆದ ಊರುಗಳಲ್ಲೂ ಅದು ಸಡಿಲವಾಗಿತ್ತು. ಹೊರಗಿನವರು ಬಂದು ಹೋಗುವ ಊರಿನಲ್ಲಿ ಹಳೇ ದ್ವೇಷ ಅಷ್ಟು ಸಲೀಸಾಗಿ ತಲೆಮಾರಿನಿಂದ ತಲೆಮಾರಿಗೆ ಕೈದಾಟಿಲ್ಲ.

ಕೈದಾಟಿಸುವವರು ಯಾರು? ಕ್ರಿಮಿಯಾ ಪರ್ಯಾಯದ್ವೀಪದ ತಾತಾರ್ ಜನಾಂಗದವರನ್ನು 1944ರಲ್ಲಿ ಸೋವಿಯತ್ ಒಕ್ಕೂಟದ ಸ್ಟಾಲಿನ್ ಆಡಳಿತ ಇಡಿಯಾಗಿ ಊರು ಬಿಡಿಸಿತು. 2014ರಲ್ಲಿ ಇಬ್ಬರು ಸಂಶೋಧಕರು ಒಂದೇ ಮನೆಯ ಮೂರು ತಲೆಮಾರಿನವರನ್ನು ಮಾತಾಡಿಸಿದರು. ಹೆಚ್ಚು ನೊಂದವರ ಮೊಮ್ಮಕ್ಕಳಲ್ಲಿ 'ನಾವು ತಾತಾರರು' ಅನ್ನುವ ಭಾವನೆ ಗಟ್ಟಿ, ರಷ್ಯಾದ ಮೇಲೆ ಸಿಟ್ಟೂ ಜಾಸ್ತಿ, ರಾಜಕೀಯದಲ್ಲಿ ಓಡಾಟವೂ ಜಾಸ್ತಿ. ಆ ಮೊಮ್ಮಕ್ಕಳು ಊರು ಬಿಡಿಸಿದ ದಿನ ಹುಟ್ಟಿರಲೇ ಇಲ್ಲ. ನೆನಪು ದಾಟಿದ್ದು ಮನೆಯೊಳಗೆ.

ಹಾಗಂತ ಮನೆಯೊಳಗೆ ನುಗ್ಗಿ ರೆಕಾರ್ಡರ್ ಇಟ್ಟುಬಿಡೋದಾ? ಇಲ್ಲಿ ನಾನು ಸ್ವಲ್ಪ ಗಡುಸಾಗುತ್ತೇನೆ. ಉತ್ತರ ಐರ್ಲೆಂಡಿನ ಸಂಘರ್ಷದಲ್ಲಿ ಹೋರಾಡಿದ್ದ ಹಳೆಯ ಬಂದೂಕುಧಾರಿಗಳನ್ನು 2001ರಿಂದ ಕೆಲವು ವರ್ಷ ಮಾತಾಡಿಸಿ, ಅಮೆರಿಕದ ಬಾಸ್ಟನ್ ಕಾಲೇಜಿನಲ್ಲಿ ಆ ಟೇಪುಗಳನ್ನು ಇಟ್ಟರು. 'ನೀವು ಸಾಯುವವರೆಗೂ ಹೊರಗೆ ಬರುವುದಿಲ್ಲ' ಎಂಬ ಮಾತು ಕೊಟ್ಟಿದ್ದರು. 2011ರಲ್ಲಿ, ಉತ್ತರ ಐರ್ಲೆಂಡಿನ ಪೊಲೀಸರಿಗಾಗಿ ಟೇಪು ಕೊಡಿ ಅಂತ ಕಾಲೇಜಿಗೆ ಸಮನ್ಸ್ ಬಂತು. ಕೋರ್ಟಿನಲ್ಲಿ ಹೋರಾಡಿದ ಮೇಲೂ ಕೆಲವು ಟೇಪುಗಳನ್ನು ಒಪ್ಪಿಸಬೇಕಾಯಿತು. ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಫಾರ್ಮಿನಲ್ಲಿ 'ಗೌಪ್ಯತೆ ಕಾಪಾಡಲಾಗುವುದು' ಎಂದು ಸುಮ್ನೆ ಟಿಕ್ ಹಾಕುವ ಮುಂಚೆ ಇದನ್ನೊಮ್ಮೆ ನೆನೆಸಿಕೊಳ್ಳಿ. ಕೋರ್ಟು ಕೇಳಿದರೆ ಕೊಡದೆ ಇರುವ ಶಕ್ತಿ ನಮಗಿಲ್ಲ. ಹಾಗಿದ್ದ ಮೇಲೆ ಆ ಮಾತನ್ನು ಕೊಡಲೇಬಾರದು. ಸಂದರ್ಶನ ಒಂದು ಕಡಿಮೆ ಆದರೆ ಆಗಲಿ.

ಇನ್ನು ಮೆಸೇಜ್ ಮಾಡುವವರಿಗೆ ನನ್ನದೊಂದು ಬೇಡಿಕೆ. ಹಿಂಸೆ ನಡೆದ ಜಾಗದ ಹೆಸರಿನ ಜೊತೆಗೆ, ಅಂಥದ್ದೇ ಹಿಂಸೆ ನಡೆದೂ ಗುರುತು ಅಳಿಸಿಹೋದ ಇನ್ನೊಂದು ಜಾಗದ ಹೆಸರನ್ನೂ ಬರೆದು ಕಳಿಸಿ. ಮಾತು ಅಲ್ಲಿಂದ ಶುರು ಮಾಡೋಣ.