ಕಳಿಸಿದ್ದೀನಲ್ಲ ಮೇಡಂ!

ಪ್ರಾಜೆಕ್ಟ್ ಕಳಿಸಿ ಅಂದರೆ ನಮ್ಮ ಮಕ್ಕಳು ಏನು ಬೇಕಾದರೂ ಕಳಿಸುತ್ತಾರೆ, ಪ್ರಾಜೆಕ್ಟ್ ಒಂದನ್ನು ಬಿಟ್ಟು. ನಿನ್ನೆ ಒಬ್ಬ 'ಅಪ್‌ಲೋಡ್ ಆಗಿದೆ' ಅಂತ ಬಂದ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿದ. ಎಲ್ಲಿಗೆ ಅಪ್‌ಲೋಡ್ ಆಯಿತು ಅಂತ ಸ್ಕ್ರೀನ್‌ಶಾಟಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ.

"ಸೇವ್ ಮಾಡಿದೆಯೇನೋ?"

"ಮಾಡಿದ್ದೀನಿ ಮೇಡಂ."

"ಎಲ್ಲಿ?"

"ಫೋನಲ್ಲಿ."

ಫೋನಲ್ಲಿ ಅಂದರೆ ಸಮುದ್ರದಲ್ಲಿ ಅಂದ ಹಾಗೆ. ಗೂಗಲ್ ಡ್ರೈವ್‌ಗೆ ಹಾಕೋ ಅಂದರೆ ಜಾಗ ಇಲ್ಲವಂತೆ. ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಮೇಲ್, ಫೋಟೊ, ಫೈಲ್ ಎಲ್ಲಕ್ಕೂ ಸೇರಿ. ಅದರಲ್ಲಿ ಪಾಠದ ಪಾಲು ಎಷ್ಟಿರುತ್ತೆ ಅಂತ ನಿಮಗೇ ಗೊತ್ತು, ಅಲ್ವಾ?

ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಫೋಟೊ ಅಂತ ಕಳಿಸಿದರೆ ಚಿತ್ರ ಕುಗ್ಗಿ ಬರುತ್ತದೆ. ಲೆಕ್ಕದಲ್ಲಿ 3 ಯಾವುದು, 8 ಯಾವುದು, ದೇವರಿಗೇ ಗೊತ್ತು. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಬರುತ್ತದೆ. ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನ್ ಮಾಡಿದರೆ ಹತ್ತು ಪುಟವೂ ಒಂದೇ ಪಿಡಿಎಫ್. ಇಷ್ಟನ್ನೂ ಬೋರ್ಡ್ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಆ ಬೋರ್ಡಿನ ಫೋಟೊ ಎಲ್ಲರ ಫೋನಿನಲ್ಲೂ ಇದೆ. ಬಹಳ ಚೆನ್ನಾಗಿ ಬಂದಿದೆ.

ಇದನ್ನೆಲ್ಲ ಹೇಗೋ ಸಹಿಸಬಹುದು. ಲಿಂಕ್ ಮಾತ್ರ ಆಗುವುದಿಲ್ಲ.

ನಮ್ಮ ಕ್ಲಾಸಿನಲ್ಲಿ ಒಬ್ಬಳಿದ್ದಾಳೆ. ಎಲ್ಲರಿಗಿಂತ ಮೊದಲು ಲಿಂಕ್ ಕಳಿಸುತ್ತಾಳೆ, ಜೊತೆಗೆ ಕೈಮುಗಿದ ಇಮೋಜಿ. ಒತ್ತಿದರೆ 'ಅನುಮತಿ ಬೇಕು' ಅನ್ನುತ್ತದೆ. ಕೋರಿಕೆ ಕಳಿಸುತ್ತೇನೆ. ಅದು ಹೋಗುವುದು ಅವಳ ಇಮೇಲ್‌ಗೆ. ಇಮೇಲ್ ಅಂದರೆ ಅವಳ ಲೆಕ್ಕದಲ್ಲಿ ಹೊಸ ಆ್ಯಪ್ ಹಾಕಿಕೊಳ್ಳುವಾಗ ತುಂಬಬೇಕಾದ ಒಂದು ಖಾಲಿ ಜಾಗ. ಅದನ್ನು ತೆರೆದೂ ನೋಡುತ್ತಾರೆ ಅಂತ ಯಾರೂ ಹೇಳಿಕೊಟ್ಟಿಲ್ಲ. ಕೊನೆಗೆ ಫೋನ್ ಮಾಡಿದೆ.

"ಅನುಮತಿ ಕೊಡಮ್ಮ."

"ಅಯ್ಯೋ, ನೋಡಿ ಮೇಡಂ, ಪರವಾಗಿಲ್ಲ."

"ಬಾಯಲ್ಲಿ ಅಲ್ಲ ತಾಯಿ, ಶೇರ್ ಒತ್ತು. 'ಲಿಂಕ್ ಇರುವ ಯಾರಾದರೂ' ಅಂತ ಮಾಡು."

"ಯಾರಾದರೂ ಬೇಡ ಮೇಡಂ, ನೀವೊಬ್ಬರೇ ನೋಡಿ."

ಅರ್ಧ ಗಂಟೆಯ ನಂತರ ಮತ್ತೊಂದು ಲಿಂಕ್. ಹಳೆಯದೇ! ಆಮೇಲೆ ಅದ್ಯಾವ ಪುಣ್ಯಾತ್ಮ ಹೇಳಿಕೊಟ್ಟನೋ, ಬಾಗಿಲು ತೆರೆಯಿತು. ಎಷ್ಟು ತೆರೆಯಿತು ಅಂದರೆ, ನೋಡುವುದಷ್ಟೇ ಅಲ್ಲ, ತಿದ್ದುವ ಹಕ್ಕನ್ನೂ ಕೊಟ್ಟು ಲಿಂಕನ್ನು ಕ್ಲಾಸ್ ಗ್ರೂಪಿಗೇ ಹಾಕಿದ್ದಳು. ಬೆಳಗ್ಗೆ ನೋಡಿದರೆ ಜಲಚಕ್ರದಲ್ಲಿ ನೀರು ಆವಿಯಾಗಿ ಮೇಲೆ ಹೋಗಿದೆ, ಮಳೆಯ ಪ್ಯಾರಾ ಮಾಯ. ಅದರ ಜಾಗದಲ್ಲಿ 'ಹಾಯ್' ಅಂತಿತ್ತು. ಕೆಳಗೆ 'ಯಾರೋ ಅದು?' ಅದರ ಕೆಳಗೆ 'ನೀನ್ಯಾರೋ?'

ಇದೇ ಸಿಟ್ಟಿನಲ್ಲಿ ಇನ್ನೊಬ್ಬನನ್ನು ಗದರಿದೆ, ರಾತ್ರಿ ಹತ್ತರ ಮೇಲೆ ಯಾಕೆ ಕಳಿಸ್ತೀಯ ಅಂತ. "ಅಪ್ಪ ಮನೆಗೆ ಬರೋದೇ ಆವಾಗ ಮೇಡಂ" ಅಂದ. ಮನೆಗೆಲ್ಲ ಒಂದೇ ಫೋನು. ಅವನ ಹೋಮ್‌ವರ್ಕ್ ಬರುವುದು ಅಪ್ಪನ ಹೆಸರಿನಲ್ಲಿ. ಪ್ರತಿ ಪುಟದ ಅಂಚಿನಲ್ಲೂ ಒಂದು ದೊಡ್ಡ ಹೆಬ್ಬೆರಳು, ಹಾಳೆ ಮಡಚದ ಹಾಗೆ ಒತ್ತಿ ಹಿಡಿದಿರುತ್ತದೆ. ನಿನಗೆ ಟೈಮಿನ ಗಡುವಿಲ್ಲ ಕಣೋ ಅಂತ ಹೇಳಿದ್ದೇನೆ.

ಉಳಿದವರಿಗೆ ಗಡುವೂ ಇದೆ, ಈಗ ಹೊಸ ನಿಯಮವೂ ಇದೆ. ಫೈಲಿಗೆ ಹೆಸರಿಡಬೇಕು: ಹೆಸರು, ರೋಲ್ ನಂಬರ್, ವಿಷಯ. ಇಬ್ಬರು ಚಾಚೂ ತಪ್ಪದೆ ಪಾಲಿಸಿದರು. ಫೈಲಿನ ಹೆಸರೇ 'ಹೆಸರು, ರೋಲ್ ನಂಬರ್, ವಿಷಯ'. ಎರಡೂ ಒಂದೇ ಹೆಸರು ಅಂತ ನನ್ನ ಫೋನ್ ಒಂದರ ಕೊನೆಗೆ ತಾನೇ 1 ಸೇರಿಸಿಟ್ಟಿದೆ. ಸದ್ಯಕ್ಕೆ ಅದೇ ಅವನ ರೋಲ್ ನಂಬರ್.