ಡಿಸ್ಕೋ ಬೀಟ್‌ನಲ್ಲಿ ಅಮ್ಮನಿಗೆ ಕೇಳಿಸಿದ ಮಾಯಾಮಾಳವಗೌಳ

ಕಳೆದ ಭಾನುವಾರ ಬೆಳಿಗ್ಗೆ ಸ್ಪೀಕರ್‌ನಲ್ಲಿ ಒಂದು ಹಳೆಯ ಆಲ್ಬಂ ಹಾಕಿದ್ದೆ. ಧಪ್ ಧಪ್ ಅಂತ ಡಿಸ್ಕೋ ಬೀಟ್. ಅಮ್ಮ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದರು. ಎರಡು ನಿಮಿಷ ಆಗಿರಬಹುದು, ಅಲ್ಲಿಂದಲೇ ಕೇಳಿದರು: "ಇದು ಮಾಯಾಮಾಳವಗೌಳ ಅಲ್ವೇನೋ?"

ಹೌದು, ಅದೇ ರಾಗದ ಸ್ವರಗಳು. ಹಿಂದೂಸ್ತಾನಿಯಲ್ಲಿ ಭೈರವ್ ಅನ್ನುತ್ತಾರೆ. ಕರ್ನಾಟಕ ಸಂಗೀತದ ಮೊದಲ ಪಾಠ ಸರಳೆ ವರಸೆ ಇದೇ ರಾಗದಲ್ಲಿ; ಚಿಕ್ಕಂದಿನಲ್ಲಿ ಅದನ್ನು ಹಾಡಿದವರ ಕಿವಿಯಿಂದ ಅವು ಹೋಗುವುದೇ ಇಲ್ಲ. ಆದರೆ ಆಲ್ಬಂನಲ್ಲಿ ವೀಣೆಯಿಲ್ಲ, ತಬಲಾ ಇಲ್ಲ. ಇರುವುದು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಎಲೆಕ್ಟ್ರಾನಿಕ್ ಸಂಗೀತ ಯಂತ್ರಗಳು, ಅವುಗಳ ಮುಂದೆ ಕೂತ ಒಬ್ಬರೇ ಮನುಷ್ಯ. ಮುಂಬೈನ ಚರಣ್‌ಜಿತ್ ಸಿಂಗ್. ಆಲ್ಬಂ ಹೆಸರು 'ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ಬಂದದ್ದು 1982ರಲ್ಲಿ, ಎಚ್‌ಎಂವಿಯಿಂದ.

ಸಿಂಗ್ ಹಿಂದಿ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. ಆರ್.ಡಿ. ಬರ್ಮನ್ ಅವರಂಥವರ ಹಾಡುಗಳಿಗೆ ಗಿಟಾರ್, ಕೀಬೋರ್ಡ್ ನುಡಿಸಿದ ಕೈ. ಆಗ ಎಲ್ಲೆಲ್ಲೂ ಡಿಸ್ಕೋ ಗಾಳಿ. ಆ ಗಾಳಿ ಎಬ್ಬಿಸಿದವರಲ್ಲಿ ನಮ್ಮ ಬೆಂಗಳೂರಿನ ಸಂಗೀತ ನಿರ್ದೇಶಕ ಬಿದ್ದು ಕೂಡ ಒಬ್ಬರು. 1980ರ 'ಕುರ್ಬಾನಿ'ಯಲ್ಲಿ ನಾಜಿಯಾ ಹಸನ್ ಹಾಡಿದ ಹಾಡು ಅವರದೇ. ಸಿಂಗ್ ಆ ಬೀಟ್ ತೆಗೆದುಕೊಂಡರು, ಅದರ ಮೇಲೆ ಸಿನಿಮಾ ಹಾಡಿನ ಬದಲು ರಾಗ ಕೂರಿಸಿದರು. ರೆಕಾರ್ಡ್ ಮಾರಾಟ ಆಗಲಿಲ್ಲ. ಜನ ಮರೆತೇಬಿಟ್ಟರು.

2010ರಲ್ಲಿ ಡಚ್ ಕಂಪನಿಯೊಂದು ಅದನ್ನು ಮತ್ತೆ ಹೊರತಂದಿತು. ಆಗ ಗಲಾಟೆ ಶುರು. ಚಿಕಾಗೋದ ಫ್ಯೂಚರ್ ಅನ್ನೋ ತಂಡ ರೋಲ್ಯಾಂಡ್‌ನದೇ ಟಿಬಿ-303 ಯಂತ್ರದ ಗುಂಡಿಗಳನ್ನು ತಿರುಗಿಸಿ ಆಸಿಡ್ ಹೌಸ್ ಅನ್ನೋ ಕುಣಿತದ ಸಂಗೀತದ ಮೊದಲ ರೆಕಾರ್ಡ್ ತಂದದ್ದು 1987ರಲ್ಲಿ. ಸಿಂಗ್ ಅದೇ ಯಂತ್ರ ಬಳಸಿದ್ದು ಅದಕ್ಕೆ ಐದು ವರ್ಷ ಮೊದಲು! ಯಾರೋ ಈಗ ಮಾಡಿ ಹಳೆಯ ವರ್ಷ ಬರೆದಿದ್ದಾರೆ ಅಂತ ಅನುಮಾನ ಪಟ್ಟವರೂ ಇದ್ದರು.

ನನ್ನ ತಕರಾರು ಇರುವುದು ಇಲ್ಲೇ. ಈ ಆಲ್ಬಂ ಬಗ್ಗೆ ಮಾತಾಡುವವರೆಲ್ಲ "ಚಿಕಾಗೋಗಿಂತ ಮೊದಲೇ ನಮ್ಮವರು ಮಾಡಿದ್ದರು" ಅನ್ನುತ್ತಾರೆ, ಅಲ್ಲಿಗೆ ನಿಲ್ಲಿಸುತ್ತಾರೆ. ಸಿಂಗ್ ಆಸಿಡ್ ಹೌಸ್ ಮಾಡಲು ಕೂತವರೇ ಅಲ್ಲ. ಅವರು ನುಡಿಸಿದ್ದು ರಾಗ. ಅದನ್ನು ರಾಗವಾಗಿ ಕೇಳದೆ, ಯಾರು ಮೊದಲು ಅಂತ ಪಂದ್ಯ ಹಚ್ಚಿದರೆ ಅವರ ಕೆಲಸ ನಮ್ಮ ಕಿವಿಗೆ ಬೀಳುವುದೇ ಇಲ್ಲ.

ಆ 303 ಯಂತ್ರವನ್ನೇ ನೋಡಿ. ಒಬ್ಬರೇ ಗಿಟಾರ್ ನುಡಿಸುವವರಿಗೆ ಜೊತೆಗೊಂದು ಬೇಸ್ (ಕೆಳಸ್ಥಾಯಿಯ ಸ್ವರಸಾಲು) ಇರಲಿ ಅಂತ ಮಾಡಿದ ಪೆಟ್ಟಿಗೆ. ಬೇಸ್ ಗಿಟಾರ್ ಥರ ಅದು ಕೇಳಿಸಲೇ ಇಲ್ಲ, ಮಾರಾಟವೂ ಆಗಲಿಲ್ಲ, 1984ಕ್ಕೆ ತಯಾರಿಕೆ ನಿಂತಿತು. ಆದರೆ ಅದರಲ್ಲೊಂದು ಗುಣ ಇತ್ತು. ಸ್ಲೈಡ್ ಒತ್ತಿದರೆ ಒಂದು ಸ್ವರ ಕಡಿಯದೆ ಇನ್ನೊಂದಕ್ಕೆ ಜಾರುತ್ತಿತ್ತು. ನಮ್ಮಲ್ಲಿ ಅದಕ್ಕೆ ಜಾರು ಅಂತಲೇ ಹೆಸರು. ಹಿಂದೂಸ್ತಾನಿಯವರ ಮೀಂಡ್. ಇನ್ನೊಂದು, ಪಾಶ್ಚಾತ್ಯ ಹಾಡುಗಳಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾದಂತೆ ಬೇಸ್ ಕೂಡ ಬದಲಾಗಬೇಕು. ರಾಗಕ್ಕೆ ಆ ಹಂಗಿಲ್ಲ. ಆಧಾರ ಸ್ವರವಾದ ಷಡ್ಜ ಅಲುಗುವುದಿಲ್ಲ. ಹದಿನಾರು ಹೆಜ್ಜೆಯ ಒಂದೇ ಸಾಲನ್ನು ಯಂತ್ರ ಮತ್ತೆ ಮತ್ತೆ ಸುತ್ತುತ್ತಿದ್ದರೆ, ಸಿಂಗ್ ಜುಪಿಟರ್-8 ಕೀಬೋರ್ಡ್ ಮೇಲೆ ಆರಾಮಾಗಿ ರಾಗ ಬೆಳೆಸಬಹುದಿತ್ತು. ತಂಬೂರಿಯ ಜಾಗದಲ್ಲಿ ಯಂತ್ರ ಕೂತಂತೆ. ಇದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ರಾಗವೂ ಯಂತ್ರವೂ ಎರಡೂ ಚೆನ್ನಾಗಿ ಗೊತ್ತಿದ್ದ ಕೈಯ ಕೆಲಸ ಅದು.

ಕೊರತೆ ಇಲ್ಲ ಅಂತಲ್ಲ. ಹತ್ತಕ್ಕೂ ಹೆಚ್ಚುಕಡಿಮೆ ಒಂದೇ ಓಟ. ಯಮನ್ ಕೇಳುವಾಗ "ಸ್ವಲ್ಪ ನಿಲ್ಲಿ" ಅನ್ನಿಸುತ್ತದೆ, ಆ ರಾಗಕ್ಕೆ ಉಸಿರು ಬೇಕು. ತೋಡಿಗೂ ಅಷ್ಟೇ. ಆದರೆ ಲಲಿತ್ ಕೇಳಿ. ಎರಡು ಮಧ್ಯಮಗಳು ಪಕ್ಕಪಕ್ಕದಲ್ಲೇ ಬರುವ, ಪಂಚಮವೇ ಇಲ್ಲದ ರಾಗ. ಅಷ್ಟು ಇಕ್ಕಟ್ಟಿನ ಜಾಗದಲ್ಲಿ ಆ ಯಂತ್ರದ ಸ್ವರಗಳು ಓಡಾಡುವುದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಹೆಡ್‌ಫೋನ್‌ನಲ್ಲೇ ಕೇಳಿ, ಮೊಬೈಲ್ ಸ್ಪೀಕರ್‌ನಲ್ಲಿ ಬೇಸ್ ಸಿಗುವುದಿಲ್ಲ.

ಎಪ್ಪತ್ತು ದಾಟಿದ ಮೇಲೆ ಸಿಂಗ್ ಯುರೋಪಿನ ವೇದಿಕೆಗಳಲ್ಲಿ ಇದನ್ನು ನುಡಿಸಿದರು. ಮೊಮ್ಮಕ್ಕಳ ವಯಸ್ಸಿನವರು ಕುಣಿದರು. 2015ರ ಜುಲೈನಲ್ಲಿ ಮುಂಬೈನಲ್ಲಿ ತೀರಿಕೊಂಡರು. ನಮ್ಮ ದೇಶದಲ್ಲೇ ಅವರನ್ನು ಸರಿಯಾಗಿ ಕೇಳಲಿಲ್ಲ ಅನ್ನೋ ಸಂಕಟ ನನಗೆ ಇನ್ನೂ ಇದೆ.

ಭಾನುವಾರ ಆಲ್ಬಂ ನಿಲ್ಲಿಸಲಿಲ್ಲ, ಕೊನೇವರೆಗೂ ಓಡಿತು. ಭೂಪಾಲಿ ಬಂದಾಗ ಅಮ್ಮ ಅದರ ಕರ್ನಾಟಕ ಸಂಗೀತದ ಹೆಸರು ಹಿಡಿದು "ಮೋಹನ" ಅಂದರು. ಮಾಲ್‌ಕೌನ್ಸ್ ಬಂದಾಗ "ಹಿಂದೋಳ". ಕೊನೆಯದು ಬೈರಾಗಿ. ಅಷ್ಟು ಹೊತ್ತಿಗೆ ಕೈ ಒರೆಸಿಕೊಂಡು ಹಾಲ್‌ಗೆ ಬಂದು ಕೂತಿದ್ದರು. ಬೀಟ್ ಓಡುತ್ತಲೇ ಇತ್ತು. ಕಣ್ಣು ಮುಚ್ಚಿಕೊಂಡು, ತೊಡೆ ಮೇಲೆ ತಾಳ ಹಾಕುತ್ತಾ, "ರೇವತಿ" ಅಂದರು.